ಬಟನ್ ಒತ್ತಿದರೆ ಓಡುವ ಸಿ ಪ್ರೋಗ್ರಾಂ: ಎಮ್‌ಸ್ಕ್ರಿಪ್ಟನ್ ಬಳಸಿದ ಐದು ವರ್ಷಗಳ ಅನುಭವ

ಬಿಸಿಎ ಮೊದಲ ಸೆಮಿಸ್ಟರ್‌ನವರಿಗೆ ಸಿ ಭಾಷೆ ಕಲಿಸುವುದು ನನ್ನ ಕೆಲಸ. 2020ರ ಮಾರ್ಚ್‌ನಲ್ಲಿ ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದಾಗ ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಮೊಬೈಲ್. ಅದೂ ಕೆಲವರ ಪಾಲಿಗೆ ಅಪ್ಪ ಗದ್ದೆಯಿಂದ ಬಂದ ಮೇಲೆ ಕೈಗೆ ಸಿಗುವ ಒಂದೇ ಮೊಬೈಲ್. ಮಕ್ಕಳು ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಂ ಬರೆದು ಫೋಟೊ ಕಳುಹಿಸುತ್ತಿದ್ದರು, ನಾನು ಅದನ್ನು ಟೈಪ್ ಮಾಡಿ, ಓಡಿಸಿ, ಫಲಿತಾಂಶದ ಸ್ಕ್ರೀನ್‌ಶಾಟ್ ಮರಳಿ ಕಳುಹಿಸುತ್ತಿದ್ದೆ. ಉತ್ತರವೇನೋ ಅವರಿಗೆ ಸಿಗುತ್ತಿತ್ತು. ಆದರೆ ಒಂದು ಸಂಖ್ಯೆ ಬದಲಿಸಿ ಇನ್ನೊಮ್ಮೆ ಓಡಿಸಿ ನೋಡೋಣ ಎಂಬ ಆಸೆ ಹುಟ್ಟುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಎಮ್‌ಸ್ಕ್ರಿಪ್ಟನ್ ಇಳಿಸಿಕೊಂಡೆ. ಅಂದಿನಿಂದ ಒಂದು ಸೆಮಿಸ್ಟರನ್ನೂ ಬಿಡದೆ ಬಳಸಿದ್ದೇನೆ. ಇಷ್ಟು ದಿನ ಬಳಸಿದ ಮೇಲೆಯೇ ತಿಳಿಯುವ ಕೆಲವು ಸಂಗತಿಗಳನ್ನು, ನನ್ನ ಹಾಗೆ ಪಾಠ ಮಾಡುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸಿ ಅಥವಾ ಸಿ++ ಪ್ರೋಗ್ರಾಮನ್ನು ಬ್ರೌಸರ್ ನೇರವಾಗಿ ಓಡಿಸಬಲ್ಲ ವೆಬ್‌ಅಸೆಂಬ್ಲಿ ಎಂಬ ರೂಪಕ್ಕೆ ತರುವ ಕಂಪೈಲರ್ ಇದು. 2010ರ ಸುಮಾರಿಗೆ ಮೊಜಿಲ್ಲಾದಲ್ಲಿದ್ದ ಅಲಾನ್ ಜಕಾಯ್ ಇದನ್ನು ಆರಂಭಿಸಿದರು. ಆಗ ವೆಬ್‌ಅಸೆಂಬ್ಲಿ ಎಂಬುದೇ ಇರಲಿಲ್ಲ, ಸಿ ಪ್ರೋಗ್ರಾಂ ಜಾವಾಸ್ಕ್ರಿಪ್ಟ್ ಆಗಿ ಬದಲಾಗುತ್ತಿತ್ತು. 2017ರ ಕೊನೆಯ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ನಾಲ್ಕೂ ವೆಬ್‌ಅಸೆಂಬ್ಲಿಯನ್ನು ಒಪ್ಪಿಕೊಂಡವು. 2019ರ ಡಿಸೆಂಬರ್‌ನಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವೂ ಆಯಿತು. ಹಾಗಾಗಿ ನಾನು ಇದನ್ನು ಕೈಗೆತ್ತಿಕೊಂಡಾಗ ಮಕ್ಕಳ ಅಗ್ಗದ ಆಂಡ್ರಾಯ್ಡ್ ಮೊಬೈಲ್‌ಗಳಲ್ಲೂ ಬೇಕಾದದ್ದು ಆಗಲೇ ಇತ್ತು. ಅವರು ಏನನ್ನೂ ಹೊಸದಾಗಿ ಹಾಕಿಕೊಳ್ಳಬೇಕಾಗಲಿಲ್ಲ. ಎಮ್‌ಸ್ಕ್ರಿಪ್ಟನ್‌ಗೆ ಹಣ ಕೊಡಬೇಕಾಗಿಲ್ಲ, ಅದರ ಮೂಲ ಕೋಡ್ ಕೂಡ ಮುಕ್ತ. ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಒಂದು ಜಿಬಿಗೂ ಮೀರಿ ಜಾಗ ಬೇಕು.

ನನ್ನ ಬಳಕೆ ಹೀಗಿದೆ. ಪಠ್ಯದ ಪ್ರತಿ ಪ್ರೋಗ್ರಾಮನ್ನೂ ನಾನು ಮೊದಲೇ ಕಂಪೈಲ್ ಮಾಡಿಟ್ಟಿರುತ್ತೇನೆ. ಪುಟದಲ್ಲಿ ಪಾಠ, ಅದರ ಕೆಳಗೆ ಕೋಡ್, ಕೋಡಿನ ಕೆಳಗೆ ಇನ್‌ಪುಟ್ ಬರೆಯುವ ಚೌಕ ಮತ್ತು ‘ಓಡಿಸು’ ಎಂಬ ಬಟನ್. ಒತ್ತಿದರೆ ಮಾತ್ರ ಪ್ರೋಗ್ರಾಂ ಓಡುತ್ತದೆ. ಗಾತ್ರಕ್ಕೆಂದೇ ಇರುವ ಆಪ್ಟಿಮೈಸೇಷನ್ ಹಾಕಿದರೆ ನನ್ನ ಹೆಚ್ಚಿನ ಪ್ರೋಗ್ರಾಂಗಳು ಜಾವಾಸ್ಕ್ರಿಪ್ಟ್ ಸಮೇತ 50 ಕಿಲೋಬೈಟ್ ದಾಟುವುದಿಲ್ಲ. ಒಂದು ಸಾಮಾನ್ಯ ಫೋಟೊ ಅದಕ್ಕಿಂತ ಭಾರ. ಸರ್ವರ್‌ನಲ್ಲಿ ಕಂಪೈಲ್ ಮಾಡಿಕೊಡುವ ಆನ್‌ಲೈನ್ ತಾಣಗಳು ಚೆನ್ನಾಗಿಯೇ ಇವೆ, ಆದರೆ ಅಲ್ಲಿ ಪ್ರತಿ ಸಲ ಓಡಿಸಲೂ ನೆಟ್‌ವರ್ಕ್ ಬೇಕು. ಇಲ್ಲಿ ಪುಟ ಒಮ್ಮೆ ಪೂರ್ತಿ ಇಳಿದರೆ ಸಾಕು, ಆಮೇಲೆ ಸಿಗ್ನಲ್ ಹೋದರೂ ಎಷ್ಟು ಸಲ ಬೇಕಾದರೂ ಓಡಿಸಬಹುದು. ಮನೆಯ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ದಿಬ್ಬದ ಮೇಲೆ ಪುಟ ತೆರೆದುಕೊಂಡು, ಮನೆಗಿಳಿದು ಬಂದು ಅಭ್ಯಾಸ ಮಾಡುತ್ತಿದ್ದಳು. ಇದನ್ನು ಬಿಡದೆ ಹಿಡಿದುಕೊಳ್ಳಲು ನನಗೆ ಅಷ್ಟೇ ಸಾಕಾಯಿತು.

ಇನ್ನು ತೊಡಕುಗಳು. ಮೊದಲ ತೊಡಕು ಇನ್‌ಪುಟ್ ಓದುವ ಸಿ ಫಂಕ್ಷನ್ ಆದ ಸ್ಕ್ಯಾನ್‌ಎಫ್. ಏನನ್ನೂ ಬದಲಿಸದೆ ಕಂಪೈಲ್ ಮಾಡಿದರೆ, ಪ್ರೋಗ್ರಾಂ ಇನ್‌ಪುಟ್ ಕೇಳಿದಾಗ ಬ್ರೌಸರಿನ ಸಣ್ಣ ಪೆಟ್ಟಿಗೆಯೊಂದು ಪುಟದ ಮೇಲೆ ಬಂದು ಕೂರುತ್ತದೆ. ಹತ್ತು ಸಂಖ್ಯೆಗಳನ್ನು ಓದುವ ಪ್ರೋಗ್ರಾಮಿಗೆ ಒಂದೊಂದಾಗಿ ಉತ್ತರ ಕೊಡುತ್ತಾ ಹೋದರೆ ಆ ಪೆಟ್ಟಿಗೆ ಹತ್ತು ಸಲ ಬರುತ್ತದೆ. ಮೊಬೈಲ್‌ನಲ್ಲಿ ಅದು ಹಿಂಸೆ. ಅದಕ್ಕೇ ಇನ್‌ಪುಟ್ ಚೌಕ ಮಾಡಿದೆ. ಬೇಕಾದ ಸಂಖ್ಯೆಗಳನ್ನೆಲ್ಲ ಮೊದಲೇ ಬರೆದಿಟ್ಟರೆ, ಪ್ರೋಗ್ರಾಂ ಕೇಳಿದಾಗ ಜಾವಾಸ್ಕ್ರಿಪ್ಟ್ ಅದನ್ನು ಅಕ್ಷರ ಅಕ್ಷರವಾಗಿ ಒದಗಿಸುತ್ತದೆ, ಮುಗಿದಾಗ ಇನ್‌ಪುಟ್ ಮುಗಿಯಿತು ಎಂದು ತಿಳಿಸುತ್ತದೆ. ಇದರಿಂದ ಪ್ರಶ್ನೆ ಬಂದಾಗ ಉತ್ತರ ಕೊಡುವ ಸಂವಾದದ ಸೊಗಸು ಹೋಯಿತು, ಅದು ನಿಜವಾದ ನಷ್ಟವೇ. ಅಸಿಂಕಿಫೈ ಎಂಬ ಸೌಲಭ್ಯ ಬಳಸಿದರೆ ಅದನ್ನು ಮರಳಿ ತರಬಹುದು, ಆದರೆ ಫೈಲಿನ ಗಾತ್ರ ಏರುತ್ತದೆ, ವೇಗ ಇಳಿಯುತ್ತದೆ. ನಾನು ಎರಡೇ ಪಾಠಗಳಲ್ಲಿ ಅದನ್ನು ಬಳಸಿದ್ದೇನೆ.

ಎರಡನೆಯದು ಫಲಿತಾಂಶ ಮುದ್ರಿಸುವ ಪ್ರಿಂಟ್‌ಎಫ್. ಸಾಲಿನ ಕೊನೆಯಲ್ಲಿ ಹೊಸಸಾಲಿನ ಗುರುತು ಇಲ್ಲದಿದ್ದರೆ ಆ ಸಾಲು ಪುಟದ ಮೇಲೆ ಕಾಣಿಸುವುದೇ ಇಲ್ಲ, ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿಯೇ ಉಳಿದುಬಿಡುತ್ತದೆ. ಮೊದಲ ವಾರದಲ್ಲಿ ‘ಮೇಡಂ, ಪ್ರೋಗ್ರಾಂ ಓಡುತ್ತಿಲ್ಲ’ ಎಂದು ಬಂದ ದೂರುಗಳಲ್ಲಿ ಬಹುಪಾಲು ಇದೇ ಆಗಿತ್ತು. ಈಗ ಬಫರ್ ಎಂದರೇನು ಎಂಬ ಪಾಠವನ್ನು ನಾನು ಇದರಿಂದಲೇ ಆರಂಭಿಸುತ್ತೇನೆ.

ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಬೇಕಾದಾಗ ಓಡಿಸುವುದು’ ಎಂಬುದರ ಗುಟ್ಟು ಅಲ್ಲಿದೆ. ಪುಟ ತೆರೆದೊಡನೆ, ಸಿ ಪ್ರೋಗ್ರಾಂ ಆರಂಭವಾಗುವ ಮೇನ್ ಫಂಕ್ಷನ್ ತಾನಾಗಿಯೇ ಓಡುವುದು ಎಮ್‌ಸ್ಕ್ರಿಪ್ಟನ್‌ನ ಸಹಜ ನಡೆ. ಅದನ್ನು ತಡೆದು, ಬಟನ್ ಒತ್ತಿದಾಗ ಮೇನ್ ಅನ್ನು ಕರೆಯುವಂತೆ ಮಾಡಿದೆ. ಮೊದಲ ಸಲ ಉತ್ತರ ಸರಿ. ಎರಡನೇ ಸಲ ಒತ್ತಿದಾಗ ಒಟ್ಟು ಮೊತ್ತ 55 ಬರುವ ಬದಲು 110 ಬಂದಿತು! ಮೊತ್ತವನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಮುಗಿದರೆ ಅದರ ಮೆಮೊರಿಯೂ ಮುಗಿಯಿತು. ಇಲ್ಲಿ ಪುಟ ತೆರೆದಿರುವವರೆಗೂ ಆ ಮೆಮೊರಿ ಹಾಗೆಯೇ ಉಳಿದಿರುತ್ತದೆ. ಪರಿಹಾರವೆಂದರೆ ಪ್ರೋಗ್ರಾಮನ್ನು ಒಂದು ಮಾಡ್ಯೂಲ್ ಆಗಿ ಕಂಪೈಲ್ ಮಾಡಿ, ಪ್ರತಿ ಸಲ ಬಟನ್ ಒತ್ತಿದಾಗಲೂ ಅದರ ಹೊಸ ಪ್ರತಿಯೊಂದನ್ನು ಹುಟ್ಟಿಸುವುದು. ಕಂಪೈಲ್ ಆದ ಮಾಡ್ಯೂಲನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಹೊಸ ಪ್ರತಿ ಹುಟ್ಟುವುದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಪ್ರತಿ ಪ್ರತಿಗೂ ತನ್ನದೇ ಮೆಮೊರಿ, ತನ್ನದೇ ಸೊನ್ನೆಯಿಂದ ಆರಂಭ.

ಇಷ್ಟಾದರೂ ಒಂದು ಬಾಕಿ ಉಳಿದಿತ್ತು. ಸಮಸಂಖ್ಯೆಯಾದರೆ ಅರ್ಧ ಮಾಡು, ಬೆಸಸಂಖ್ಯೆಯಾದರೆ ಮೂರರಿಂದ ಗುಣಿಸಿ ಒಂದು ಕೂಡಿಸು, 1 ಬರುವವರೆಗೂ ಹೀಗೇ ಮಾಡಿ ಹೆಜ್ಜೆ ಎಣಿಸು ಎಂಬ ಪ್ರೋಗ್ರಾಂ ಇದೆಯಲ್ಲ, ಅದು ಮಕ್ಕಳಿಗೆ ಬಹಳ ಇಷ್ಟ. 27 ಕೊಟ್ಟರೆ 111 ಹೆಜ್ಜೆ, ನಡುವೆ 9232ರವರೆಗೆ ಏರಿ ಇಳಿಯುತ್ತದೆ. ಒಬ್ಬ ಹುಡುಗ 0 ಕೊಟ್ಟ. ಸೊನ್ನೆಯ ಅರ್ಧ ಸೊನ್ನೆಯೇ, ಎಂದಿಗೂ 1 ಆಗುವುದಿಲ್ಲ. ಅವನ ಪುಟ ಕಲ್ಲಾಗಿ ನಿಂತಿತು, ಸ್ಕ್ರೋಲ್ ಕೂಡ ಆಗಲಿಲ್ಲ, ಬ್ರೌಸರನ್ನೇ ಮುಚ್ಚಿ ತೆರೆಯಬೇಕಾಯಿತು. ಆ ರಾತ್ರಿಯೇ ಎಲ್ಲ ಪ್ರೋಗ್ರಾಂಗಳನ್ನೂ ವೆಬ್ ವರ್ಕರ್‌ಗೆ ಸಾಗಿಸಿದೆ. ಈಗ ಸಿ ಪ್ರೋಗ್ರಾಂ ಪುಟದ ಹಿನ್ನೆಲೆಯಲ್ಲಿ ಪ್ರತ್ಯೇಕವಾಗಿ ಓಡುತ್ತದೆ, ಪಕ್ಕದಲ್ಲಿ ‘ನಿಲ್ಲಿಸು’ ಎಂಬ ಬಟನ್ ಇದೆ. ಒತ್ತಿದರೆ ವರ್ಕರ್ ಅಲ್ಲಿಗೇ ಮುಗಿಯುತ್ತದೆ, ಪುಟಕ್ಕೆ ಏನೂ ಆಗುವುದಿಲ್ಲ. ನೀವು ಇದನ್ನು ಆರಂಭಿಸುವುದಾದರೆ ಮೊದಲ ದಿನವೇ ವರ್ಕರ್‌ನಿಂದ ಆರಂಭಿಸಿ ಎಂದು ಕೈಮುಗಿದು ಹೇಳುತ್ತೇನೆ.

ಸರ್ವರ್ ಕಡೆಯ ತೊಂದರೆಗಳು ಒಂದೇ ವಾರದಲ್ಲಿ ಮುಗಿದವು. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಓಡುವುದಿಲ್ಲ, ಸಣ್ಣದಾದರೂ ಒಂದು ವೆಬ್ ಸರ್ವರ್ ಬೇಕು. ನಾವು ಮೊದಲು ಬಳಸಿದ ಹೋಸ್ಟಿಂಗ್‌ನವರ ಸರ್ವರ್ ವೆಬ್‌ಅಸೆಂಬ್ಲಿ ಫೈಲಿನ ಬಗೆಯನ್ನು ತಪ್ಪಾಗಿ ಹೇಳುತ್ತಿತ್ತು. ಅದರಿಂದ ಫೈಲ್ ಇಳಿಯುತ್ತಿರುವಾಗಲೇ ಕಂಪೈಲ್ ಮಾಡಿಕೊಳ್ಳುವ ಅನುಕೂಲ ತಪ್ಪಿತ್ತು. ಒಂದು ಸಾಲಿನ ಬದಲಾವಣೆಯಿಂದ ಸರಿಯಾಯಿತು.

ಈಗ ಈ ಸಾಧನ ನನಗೆ ಕೊಟ್ಟದ್ದರ ಬಗ್ಗೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಬಹುಕಾಲ ಟರ್ಬೋ ಸಿ ಎಂಬ ಹಳೆಯ ಕಂಪೈಲರ್ ಬಳಕೆಯಲ್ಲಿತ್ತು, ಹಳೆಯ ಗೈಡುಗಳು ಇಂದಿಗೂ ಅದರ ನೆರಳಿನಲ್ಲಿವೆ. ಅಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, 2 ಬೈಟ್. ಅದರಲ್ಲಿ ಹಿಡಿಸದ ಸಂಖ್ಯೆ ತಪ್ಪಾಗಿ ಕಾಣಿಸುತ್ತದೆ. ಆ ಲೆಕ್ಕದಲ್ಲಿ 7ರ ಫ್ಯಾಕ್ಟೋರಿಯಲ್ 5040 ಸರಿಯಾಗಿ ಬರುತ್ತದೆ, 8ಕ್ಕೆ 40320 ಬರುವ ಬದಲು -25216 ಬರುತ್ತದೆ. ಪುಟದಲ್ಲಿ ಇಂಟ್ 4 ಬೈಟ್. ಇಲ್ಲಿ 12ರವರೆಗೂ ಸರಿ. 13ಕ್ಕೆ 6227020800 ಬರಬೇಕಾದ ಜಾಗದಲ್ಲಿ 1932053504 ಬರುತ್ತದೆ. ನೋಡಲು ಧನಸಂಖ್ಯೆ, ಯಾರಿಗೂ ಅನುಮಾನ ಬಾರದ ತಪ್ಪು ಉತ್ತರ. ಮಕ್ಕಳು 10, 11, 12, 13 ಎಂದು ಒಂದೊಂದಾಗಿ ಒತ್ತಿ ನೋಡಿ, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟು ಹೋಲಿಸಿ, ಎಲ್ಲಿ ದಾರಿ ತಪ್ಪಿತು ಎಂದು ತಾವೇ ಕಂಡುಹಿಡಿಯುತ್ತಾರೆ. ಬೋರ್ಡಿನ ಮೇಲೆ ನಾನು ಹತ್ತು ಸಲ ಬರೆದರೂ ಆಗದ ಕೆಲಸ ಇದು.

ಇನ್ನೊಂದು ಪ್ರೋಗ್ರಾಂ ನನಗೆ ಅತ್ಯಂತ ಪ್ರಿಯವಾದದ್ದು. ‘ಕನ್ನಡ’ ಎಂಬ ಪದವನ್ನು ಕೊಟ್ಟು, ಪದದ ಉದ್ದ ಹೇಳುವ ಸ್ಟ್ರ್‌ಲೆನ್ ಎಷ್ಟು ಎಂದು ಕೇಳುತ್ತೇನೆ. ಮೂರು ಎನ್ನುತ್ತಾರೆ. ಕೆಲವರು ಒತ್ತನ್ನೂ ಸೇರಿಸಿ ನಾಲ್ಕು ಎನ್ನುತ್ತಾರೆ. ಬಟನ್ ಒತ್ತಿದರೆ 15! ಕ, ನ, ವಿರಾಮದ ಗುರುತು, ಮತ್ತೊಂದು ನ, ಡ: ಐದು ಸಂಕೇತಗಳು, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್. ಮುಂದಿನ ಬಟನ್ ಅದೇ ಪದವನ್ನು ಬೈಟ್ ಬೈಟಾಗಿ ತಿರುಗಿಸಿ ತೋರಿಸುತ್ತದೆ, ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲಲ್ಲ, ಬೈಟುಗಳ ಸಾಲು ಎಂಬುದು ಆ ಕ್ಷಣದಲ್ಲಿ ಅವರಿಗೆ ಹೊಳೆಯುತ್ತದೆ. ಹಳೆಯ ಲ್ಯಾಬಿನ ಕಪ್ಪು ಪರದೆಯಲ್ಲಿ ಕನ್ನಡದ ಒಂದಕ್ಷರವನ್ನೂ ಮೂಡಿಸಲು ಆಗುತ್ತಿರಲಿಲ್ಲ. ತಮ್ಮ ಭಾಷೆಯಲ್ಲಿ ಪ್ರೋಗ್ರಾಂ ಉತ್ತರ ಕೊಟ್ಟಾಗ ಮಕ್ಕಳ ಮುಖ ಅರಳುವುದನ್ನು ನೋಡಿದ ಮೇಲೆ ನನ್ನ ಎಲ್ಲ ಪ್ರೋಗ್ರಾಂಗಳ ಪ್ರಿಂಟ್‌ಎಫ್‌ಗಳನ್ನೂ ಕನ್ನಡಕ್ಕೆ ತಂದೆ.

ಆವೃತ್ತಿ ಬದಲಿಸುವಾಗ ಮಾತ್ರ ಎಚ್ಚರ ಬೇಕು. 2022ರ ಕೊನೆಯಲ್ಲಿ ಬಂದ 3.1.27ರಲ್ಲಿ ಫಂಕ್ಷನ್ ಒಳಗಿನ ವೇರಿಯಬಲ್‌ಗಳು ಕೂರುವ ಮೆಮೊರಿಯಾದ ಸ್ಟ್ಯಾಕಿನ ಸಹಜ ಗಾತ್ರವನ್ನು 5 ಎಂಬಿಯಿಂದ 64 ಕಿಲೋಬೈಟಿಗೆ ಇಳಿಸಿದರು. ಬದಲಾವಣೆಗಳ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ನಾನು ಓದಿರಲಿಲ್ಲ. ನನ್ನ ಮ್ಯಾಟ್ರಿಕ್ಸ್ ಗುಣಾಕಾರದ ಪ್ರೋಗ್ರಾಮಿನಲ್ಲಿ ಮೇನ್ ಒಳಗೆ 200ಕ್ಕೆ 200ರ ಮೂರು ಅರೇಗಳಿದ್ದವು. ಒಂದೊಂದಕ್ಕೇ 1,60,000 ಬೈಟ್. ಹೊಸ ಆವೃತ್ತಿಯಲ್ಲಿ ಅದು ಓಡಲಿಲ್ಲ. ಸ್ಟ್ಯಾಕಿನ ಗಾತ್ರವನ್ನು ಆಜ್ಞೆಯಲ್ಲಿಯೇ ಹೇಳಿದರೆ ಸರಿಯಾಗುತ್ತದೆ. ನಾನು ಅರೇಗಳನ್ನು, ಸ್ಟ್ಯಾಕಿನ ಹೊರಗೆ ಮೆಮೊರಿ ಕೊಡುವ ಮ್ಯಾಲಾಕ್‌ಗೆ ಬದಲಿಸಿದೆ, ಹಳೆಯ ರೂಪವನ್ನೂ ಪಾಠದಲ್ಲಿ ಉಳಿಸಿಕೊಂಡೆ. ಈಗ ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಒಂದು ಆವೃತ್ತಿಯನ್ನು ಆರಿಸಿ, ವರ್ಷಪೂರ್ತಿ ಅದನ್ನೇ ಬಳಸುತ್ತೇನೆ.

ನನಗೆ ನಿಜಕ್ಕೂ ಚಿಂತೆ ತಂದದ್ದು ಬೇರೆಯೇ ಒಂದು ಸಂಗತಿ. ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ನೋಡ್‌ಗಳ ಸರಪಳಿ) ಪಾಠದಲ್ಲಿ, ಹುಡುಕಿದ ಮೌಲ್ಯ ಸಿಗದಿದ್ದರೆ ಫಂಕ್ಷನ್ ನಲ್ ಪಾಯಿಂಟರ್ (ಯಾವ ಜಾಗವನ್ನೂ ತೋರಿಸದ, ಸೊನ್ನೆಯ ವಿಳಾಸ) ಮರಳಿಸುತ್ತದೆ, ಅದನ್ನು ಪರೀಕ್ಷಿಸದೆ ಆ ವಿಳಾಸದಲ್ಲಿ ಮೌಲ್ಯ ಬರೆದರೆ ಪ್ರೋಗ್ರಾಂ ಕುಸಿಯುತ್ತದೆ ಎಂದು ಹೇಳಿಕೊಟ್ಟಿದ್ದೆ. ಮರುದಿನ ಒಬ್ಬ ವಿದ್ಯಾರ್ಥಿನಿ ಮೊಬೈಲ್ ತಂದು ತೋರಿಸಿದಳು. ‘ಮೇಡಂ, ನೀವು ಕುಸಿಯುತ್ತದೆ ಎಂದಿರಿ. ಇಲ್ಲಿ ಏನೂ ಆಗಲಿಲ್ಲ, 99 ಎಂದು ಸರಿಯಾಗಿಯೇ ಮುದ್ರಿಸಿತು.’ ಅವಳು ಹೇಳಿದ್ದು ನಿಜ. ವೆಬ್‌ಅಸೆಂಬ್ಲಿಯಲ್ಲಿ ಮೆಮೊರಿ ಎಂದರೆ ಸೊನ್ನೆಯಿಂದ ಆರಂಭವಾಗುವ ಒಂದೇ ಉದ್ದನೆಯ ಪಟ್ಟಿ. ಸೊನ್ನೆಯ ವಿಳಾಸವೂ ಅಲ್ಲಿ ಬರೆಯಬಹುದಾದ ಜಾಗವೇ. ಪಟ್ಟಿಯ ತುದಿಯನ್ನು ದಾಟಿದರೆ ಮಾತ್ರ ಬ್ರೌಸರ್ ತಡೆಯುತ್ತದೆ. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೂ ತಡೆಯುತ್ತದೆ. ಅರೇಯ ಗಡಿ ಮೀರಿ ಪಕ್ಕದ ವೇರಿಯಬಲ್ ಮೇಲೆ ಬರೆದರೆ, ನಲ್ ಮೇಲೆ ಬರೆದರೆ, ಸುಮ್ಮನಿರುತ್ತದೆ. ಲ್ಯಾಬಿನ ಲಿನಕ್ಸ್‌ನಲ್ಲಿ ಸೆಗ್ಮೆಂಟೇಷನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಆಗುವ ನಲ್‌ನ ತಪ್ಪು ಇಲ್ಲಿ ಸರಿಯಾದ ಪ್ರೋಗ್ರಾಮಿನ ವೇಷದಲ್ಲಿ ಬರುತ್ತದೆ. ಪಾಯಿಂಟರ್ ಮತ್ತು ಲಾಂಗ್‌ಗಳ ಗಾತ್ರವೂ ಇಲ್ಲಿ 4 ಬೈಟ್, ಲ್ಯಾಬಿನ 64 ಬಿಟ್ ಲಿನಕ್ಸ್‌ನಲ್ಲಿ 8.

ಅಂದಿನಿಂದ ಪಾಯಿಂಟರಿನ ಪಾಠಗಳನ್ನೆಲ್ಲ ಸೇಫ್ ಹೀಪ್ ಎಂಬ ಆಯ್ಕೆ ಹಾಕಿ ಕಂಪೈಲ್ ಮಾಡುತ್ತೇನೆ. ಮೆಮೊರಿಯನ್ನು ಮುಟ್ಟುವ ಪ್ರತಿ ಕಡೆಯೂ ಅದು ಪರೀಕ್ಷೆ ಸೇರಿಸುತ್ತದೆ, ನಲ್ ಮೇಲೆ ಬರೆದರೆ ಸೆಗ್ಮೆಂಟೇಷನ್ ಫಾಲ್ಟ್ ಎಂದೇ ಹೇಳಿ ನಿಲ್ಲುತ್ತದೆ. ಅರೇಯ ಗಡಿ ಮೀರುವುದನ್ನು ಹಿಡಿಯಲು ಅಡ್ರೆಸ್ ಸ್ಯಾನಿಟೈಸರ್ ಬೇಕು, ಅದೂ ಎಮ್‌ಸ್ಕ್ರಿಪ್ಟನ್‌ನಲ್ಲಿ ಇದೆ. ಎರಡರಿಂದಲೂ ವೇಗ ಇಳಿಯುತ್ತದೆ, ಆದರೆ ಹತ್ತು ನೋಡ್‌ಗಳ ಲಿಸ್ಟಿಗೆ ಅದು ಲೆಕ್ಕಕ್ಕಿಲ್ಲ.

ಲ್ಯಾಬಿನ ಜಿಸಿಸಿ ಕಂಪೈಲರ್‌ಗೆ ಇದು ಬದಲಿಯಲ್ಲ. ಮೊದಲ ಸೆಮಿಸ್ಟರ್‌ನ ಮಕ್ಕಳು ತಮ್ಮ ಕೈಯಾರೆ ಟೈಪ್ ಮಾಡಿ, ಕಂಪೈಲರಿನಿಂದ ಬೈಸಿಕೊಂಡು ಕಲಿಯಲೇಬೇಕು. ಪಾಠ ಓದುತ್ತಿರುವಾಗ ಅದೇ ಪುಟದಲ್ಲಿ ಓಡಿಸಿ ನೋಡುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧ ಅಂಕ ನಲ್ ಪಾಯಿಂಟರಿನದು.

ಆ ವಿದ್ಯಾರ್ಥಿನಿಯ ಪ್ರೋಗ್ರಾಂ ಈಗ ಲಿಂಕ್ಡ್ ಲಿಸ್ಟ್ ಪಾಠದ ಪುಟದಲ್ಲಿಯೇ ಇದೆ. ಒಂದೇ ಕೋಡಿನ ಕೆಳಗೆ ಎರಡು ಬಟನ್ ಇಟ್ಟಿದ್ದೇನೆ. ಎಡಗಡೆಯದನ್ನು ಒತ್ತಿದರೆ 99 ಬರುತ್ತದೆ, ಬಲಗಡೆಯದನ್ನು ಒತ್ತಿದರೆ ಸೆಗ್ಮೆಂಟೇಷನ್ ಫಾಲ್ಟ್ ಬರುತ್ತದೆ. ಕಾರಣವನ್ನು ಪುಟದಲ್ಲಿ ಬರೆದಿಲ್ಲ, ತರಗತಿಗೆ ಬಂದು ಕೇಳಲಿ ಎಂದು ಬಿಟ್ಟಿದ್ದೇನೆ.