ಹೈಲೈಟ್ಸ್‌ನಿಂದ ಸ್ವಂತ ಬಣ್ಣಕ್ಕೆ: ಡೆಮಿ-ಪರ್ಮನೆಂಟ್ ಕಲರ್ ಜೊತೆ 16 ತಿಂಗಳು

ಡೆಮಿ-ಪರ್ಮನೆಂಟ್ ಅಂದರೆ ಕೆಲವು ವಾರ ಇದ್ದು ಮೆಲ್ಲಗೆ ಮಾಸುವ ಹೇರ್ ಕಲರ್. ಅದರ ಬಗ್ಗೆ ಎಲ್ಲರ ದೂರೂ ಒಂದೇ: ಬಣ್ಣ ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ. ಮೊದಲ ತಿಂಗಳಲ್ಲಿ ವಿಮರ್ಶೆ ಬರೆದಿದ್ದರೆ ನಾನೂ ಅದನ್ನೇ ಬರೆದು ಎರಡು ನಕ್ಷತ್ರ ಕೊಡುತ್ತಿದ್ದೆ. ಈಗ ಅದೇ ಗುಣಕ್ಕೆ ನಕ್ಷತ್ರ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನನ್ನದು ಕಪ್ಪು ಅಂತಲೇ ಅನಿಸುವ ಗಾಢ ಕಂದು ಕೂದಲು. ಎರಡು ವರ್ಷ ಅಲ್ಲಲ್ಲಿ ಎಳೆಗಳಿಗೆ ಬ್ಲೀಚ್ ಹಾಕಿಸಿ ಹೊಂಬಣ್ಣದ ಹೈಲೈಟ್ಸ್ ಮಾಡಿಸಿಕೊಂಡೆ. ಕೊನೆಕೊನೆಗೆ ಬ್ಲೀಚ್ ಆದ ಎಳೆಗಳು ಒಣಹುಲ್ಲಿನ ಹಾಗೆ ಸರಸರ ಅನ್ನುತ್ತಿದ್ದವು. ಒದ್ದೆ ಕೂದಲಿನ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದರೆ ರಬ್ಬರಿನಂತೆ ಉದ್ದವಾಗಿ ಅಲ್ಲೇ ನಿಂತುಬಿಡುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಸಾಕು, ನನ್ನ ಬಣ್ಣಕ್ಕೇ ಮರಳೋಣ ಅನಿಸಿತು.

ಪಾರ್ಲರ್‌ನಲ್ಲಿ ಕೇಳಿದರೆ "6% ಡೆವಲಪರ್ ಜೊತೆ ಪರ್ಮನೆಂಟ್ ಡಾರ್ಕ್ ಬ್ರೌನ್ ಹಾಕಿಬಿಡೋಣ, ಒಂದೇ ಸಲಕ್ಕೆ ಮುಗಿಯುತ್ತೆ" ಅಂದರು. ಡೆವಲಪರ್ ಅಂದರೆ ಬಣ್ಣಕ್ಕೆ ಬೆರೆಸುವ ಹೈಡ್ರೋಜನ್ ಪೆರಾಕ್ಸೈಡ್. ಹೂಂ ಅನ್ನುವುದರಲ್ಲಿದ್ದೆ. ಆದರೆ ಮುಗಿಯುವುದಿಲ್ಲ, ಅಲ್ವಾ? ಬ್ಲೀಚ್ ತಿಂದುಹಾಕಿದ ಮೆಲನಿನ್ (ಕೂದಲಿಗೆ ಸ್ವಂತ ಬಣ್ಣ ಕೊಡುವ ವಸ್ತು) ಆ ಎಳೆಗೆ ಮತ್ತೆ ಬರುವುದಿಲ್ಲ. ಸ್ವಂತ ಬಣ್ಣ ಬರುವುದು ಬುಡದಿಂದ ಮಾತ್ರ, ಅದೂ ತಿಂಗಳಿಗೆ ಹೆಚ್ಚುಕಡಿಮೆ ಒಂದು, ಒಂದೂಕಾಲು ಸೆಂಟಿಮೀಟರ್. ಅಲ್ಲಿಯವರೆಗೆ ಹಚ್ಚುವುದೆಲ್ಲ ಮುಸುಕು. ಮುಸುಕಿಗೆ ಪರ್ಮನೆಂಟ್ ಯಾಕೆ ಬೇಕು? ಒಂದು ಶೇಡ್ ಜಾಸ್ತಿ ಕಪ್ಪಾದರೂ ಅದನ್ನು ತೆಗೆಯಲು ಮತ್ತೆ ರಿಮೂವರ್, ಬ್ಲೀಚ್ ಅಂತ ಅದೇ ಹಾದಿ.

ಡೆಮಿ-ಪರ್ಮನೆಂಟ್‌ನಲ್ಲಿ ಡೆವಲಪರ್ ತೀರಾ ಸೌಮ್ಯ. ನಾನು ಬಳಸಿದ್ದು 1.9%. ಇದು ಬಣ್ಣ ತುಂಬುತ್ತದೆ, ಇರುವ ಬಣ್ಣವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಇಪ್ಪತ್ತು ಇಪ್ಪತ್ತನಾಲ್ಕು ತೊಳೆತದವರೆಗೆ ಇರುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದಾರೆ. ಅಮೋನಿಯಾ ಇಲ್ಲ ಅಂತ ದೊಡ್ಡಕ್ಷರದಲ್ಲೂ ಬರೆದಿದ್ದಾರೆ. ಅದರ ಜಾಗದಲ್ಲಿ ಮೊನೊಎಥನೊಲಮೈನ್ ಇದೆ. ಮೂಗಿಗೆ ಹಿತ, ಅಷ್ಟೇ. ಅಲರ್ಜಿ ಆಗುವವರಿಗೆ ಇದರಿಂದಲೂ ಆಗಬಹುದು. 48 ಗಂಟೆ ಮೊದಲು ಚರ್ಮದ ಮೇಲೆ ಪ್ಯಾಚ್ ಟೆಸ್ಟ್ ಮಾಡದೆ ಹಚ್ಚಬೇಡಿ.

ಈಗ ಪಾಚಿಯ ಕಥೆ. ಬಲಗಿವಿಯ ಹಿಂದೆ ಒಂದು ಎಳೆ ಆರಿಸಿ, ಗಾಢ ಆಶ್ ಬ್ರೌನ್ (ಬೂದು ಛಾಯೆಯ ಕಂದು) ಹಚ್ಚಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ತೊಳೆದೆ. ಒದ್ದೆಯಿದ್ದಾಗ ಕಂದು ಅಂತಲೇ ಕಂಡಿತು. ಒಣಗಿದ ಮೇಲೆ ಕಿಟಕಿ ಹತ್ತಿರ ಹಿಡಿದರೆ ಬಾವಿಕಟ್ಟೆಯ ಪಾಚಿ! ಬೂದು ಹಸಿರು. ತಲೆ ಪೂರ್ತಿ ಹಚ್ಚಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ತಳಮಳಿಸುತ್ತದೆ.

ಕಾರಣ ಸರಳ. ಕಪ್ಪು ಕೂದಲನ್ನು ಬ್ಲೀಚ್ ಮಾಡುತ್ತಾ ಹೋದರೆ ಮೊದಲು ಕೆಂಪು ಇಣುಕುತ್ತದೆ, ಆಮೇಲೆ ಕಿತ್ತಳೆ, ಕೊನೆಗೆ ಬರೀ ಹಳದಿ. ಆ ಹಳದಿಯ ಮೇಲೆ ನೀಲಿ ಬೆರೆತ ಆಶ್ ಶೇಡ್ ಬಿದ್ದರೆ ಹಸಿರಾಗದೆ ಇನ್ನೇನು? ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತಬೇಕು. ಹಳದಿಯಿಂದ ತಾಮ್ರ, ತಾಮ್ರದಿಂದ ಕಂದು. ಇದಕ್ಕೆ ಫಿಲ್ಲರ್ ಅನ್ನುತ್ತಾರೆ.

ಹಾಗಾಗಿ ಅದೇ ಕಂಪನಿಯ ತಾಮ್ರದ ಶೇಡ್ ತಂದೆ. ಹೈಲೈಟ್ ಆದ ಎಳೆಗಳಿಗೆ ಮಾತ್ರ ಬ್ರಷ್‌ನಲ್ಲಿ ಹಚ್ಚಿ ಹದಿನೈದು ನಿಮಿಷ ಕಾದೆ. ಶಾಂಪೂ ಹಾಕದೆ ಬರೀ ನೀರಲ್ಲಿ ತೊಳೆದು ಟವೆಲಿನಲ್ಲಿ ಒತ್ತಿದೆ. ಕನ್ನಡಿಯಲ್ಲಿ ಕ್ಯಾರೆಟ್ ಹೊತ್ತ ತಲೆ. ಮನೆಯವರು ಬಾಗಿಲಲ್ಲಿ ನಿಂತು ಏನೂ ಮಾತಾಡದೆ ವಾಪಸ್ ಹೋದರು. ಅದರ ಮೇಲೆ ನ್ಯೂಟ್ರಲ್ ಕಂದು, ಆಶ್ ಅಲ್ಲ. ಲೆವೆಲ್ 1 ಅಂದರೆ ಕಪ್ಪು, ಅಂಕಿ ಏರಿದಷ್ಟೂ ತಿಳಿ. ನನ್ನ ಬುಡ 3ನೇ ಲೆವೆಲ್. ಹಚ್ಚಿದ್ದು 5. ಬ್ಲೀಚ್ ಆದ ಕೂದಲು ಸ್ಪಂಜಿನ ಹಾಗೆ ಬಣ್ಣ ಕುಡಿಯುತ್ತದೆ, ಡಬ್ಬಿಯ ಚಿತ್ರಕ್ಕಿಂತ ಗಾಢವಾಗಿ ಕೂರುತ್ತದೆ. ಐದೈದು ನಿಮಿಷಕ್ಕೊಮ್ಮೆ ಒಂದು ಎಳೆ ಒರೆಸಿ ನೋಡುತ್ತಾ ಹದಿನೆಂಟನೇ ನಿಮಿಷಕ್ಕೆ ತೊಳೆದುಬಿಟ್ಟೆ. ಒಣಗಿದ ಮೇಲೆ ಮೊದಲ ಸಲ ತಲೆಯೆಲ್ಲ ಒಂದೇ ಬಣ್ಣ.

ಮೂರು ವಾರ. ಅಷ್ಟೇ. ಆಮೇಲೆ ತಾಮ್ರ ಇಣುಕತೊಡಗಿತು. ಆಗ ನಿಜಕ್ಕೂ ಸಿಟ್ಟು ಬಂದಿತ್ತು. ಆದರೆ ಬುಡ ಬೆಳೆಯುತ್ತಾ ಬಂದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಸ ಕೂದಲಿಗೂ ಹಳೆಯದಕ್ಕೂ ನಡುವೆ ಗೆರೆ ಇರಲಿಲ್ಲ. ಬಣ್ಣ ಮೆತ್ತಗೆ ಕರಗುತ್ತಿದ್ದರಿಂದ ಮೇಲಿನಿಂದ ಕೆಳಕ್ಕೆ ನಿಧಾನಕ್ಕೆ ತಿಳಿಯಾಗುತ್ತಾ ಹೋದಂತೆ ಕಾಣುತ್ತಿತ್ತು. ಎರಡನೇ ಸಲ 5 ಬಿಟ್ಟು 4 ತಗೊಂಡೆ, ಮೂರನೇ ಸಲಕ್ಕೆ ಫಿಲ್ಲರ್ ಬೇಕಾಗಲೇ ಇಲ್ಲ. ಪ್ರತಿ ಸಲವೂ ತಿದ್ದಿಕೊಳ್ಳಲು ಅವಕಾಶ ಸಿಕ್ಕಿತು. ಒಟ್ಟು ಏಳು ಸಲ ಹಚ್ಚಿದ್ದೇನೆ. ಮೊದಲು ಐದು ವಾರಕ್ಕೊಮ್ಮೆ, ಆಮೇಲೆ ಎಂಟು ವಾರಕ್ಕೊಮ್ಮೆ. ಕೊನೆಯ ಐದು ತಿಂಗಳಿಂದ ಹಚ್ಚಿಲ್ಲ.

ಒಂದು ತಪ್ಪು ಮಾಡಿದೆ. ನಾಲ್ಕನೇ ಸಲ 1.9% ಸಿಗಲಿಲ್ಲ ಅಂತ 4% ತಂದೆ. ಅಷ್ಟು ಗಟ್ಟಿ ಡೆವಲಪರ್ ಸ್ವಂತ ಬಣ್ಣವನ್ನೂ ಸ್ವಲ್ಪ ತಿಳಿ ಮಾಡುತ್ತದೆ. ಅವಸರದಲ್ಲಿ ಬುಡಕ್ಕೂ ತಾಗಿತು. ಆ ಎರಡು ಸೆಂಟಿಮೀಟರ್ ಬಿಸಿಲಿನಲ್ಲಿ ಇವತ್ತಿಗೂ ಸ್ವಲ್ಪ ಕೆಂಪಗೆ ಹೊಳೆಯುತ್ತದೆ. ಕಷ್ಟಪಟ್ಟು ಬೆಳೆಸಿದ ಸ್ವಂತ ಕೂದಲನ್ನು ನಾನೇ ಕೆಡಿಸಿಕೊಂಡೆ. ಈಗ ಬುಡಕ್ಕೆ ದಪ್ಪಗೆ ಕಂಡೀಷನರ್ ಬಳಿದು, ಆಮೇಲೆ ಕೆಳಗಿನ ಎಳೆಗಳಿಗೆ ಮಾತ್ರ ಕಲರ್ ಹಚ್ಚಿ ಅಂತ ಎಲ್ಲರಿಗೂ ಹೇಳುತ್ತೇನೆ.

ಡ್ಯಾಮೇಜ್ ವಿಷಯಕ್ಕೆ ಬಂದರೆ, ಬಾಂಡ್ ರಿಪೇರ್ ಟ್ರೀಟ್‌ಮೆಂಟ್ (ಕೂದಲೊಳಗೆ ಮುರಿದ ಕೊಂಡಿಗಳನ್ನು ಬೆಸೆಯಲು ಅಂತ ಮಾರುವುದು) ಕೂಡ ಜೊತೆಗೆ ಬಳಸಿದೆ. ವಾರಕ್ಕೊಮ್ಮೆ ಶುರು ಮಾಡಿ ಆಮೇಲೆ ಹದಿನೈದು ದಿನಕ್ಕೊಮ್ಮೆ. ಒದ್ದೆ ಕೂದಲು ಬಾಚುವಾಗ ತುಂಡಾಗುವುದು ಕಡಿಮೆಯಾಯಿತು, ಇದು ಸತ್ಯ. "ಕೂದಲಿಗೆ ಜೀವ ಬರುತ್ತದೆ" ಅನ್ನುವುದು ಮಾತ್ರ ಸುಮ್ನೆ ಮಾತು. ಚರ್ಮದಿಂದ ಹೊರಬಂದ ಕೂದಲಲ್ಲಿ ಜೀವ ಎಲ್ಲಿದೆ? ಪ್ರೋಟೀನ್ ಮಾಸ್ಕ್ ಅಂತೂ ಉತ್ಸಾಹದಲ್ಲಿ ವಾರಕ್ಕೆರಡು ಸಲ ಹಾಕಿ ಪೊರಕೆಕಡ್ಡಿ ಮಾಡಿಕೊಂಡೆ. ತಿಂಗಳಿಗೊಂದಕ್ಕೆ ಇಳಿಸಿದ ಮೇಲೆ ಸರಿಹೋಯಿತು. ತೊಳೆಯುವ ಮೊದಲು ತುದಿಗಳಿಗೆ ತೆಂಗಿನೆಣ್ಣೆ ಸವರಿದ್ದು ಒಳ್ಳೆಯ ಕೆಲಸ ಮಾಡಿತು. ಅದು ಕೂದಲಿನ ಒಳಗೆ ಇಳಿದು ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ. ಸ್ಟ್ರೈಟ್ನರ್ ಕಪಾಟಿಗೆ ಸೇರಿತು, ತಲೆಗೆ ಬಿಸಿನೀರು ನಿಂತಿತು. ಆದರೂ ರಬ್ಬರಿನ ಹಾಗಿದ್ದ ತುದಿಗಳು ಉಳಿಯಲಿಲ್ಲ. ನಾಲ್ಕು ಸಲ ಕತ್ತರಿಸಿದೆ, ಒಟ್ಟು ಹನ್ನೆರಡು ಸೆಂಟಿಮೀಟರ್ ಹೋಯಿತು.

ಗೋರಂಟಿ ಹಚ್ಚಿದವರು ಈ ದಾರಿಗೆ ಬರುವ ಮೊದಲು ಒಂದು ಎಳೆ ಪರೀಕ್ಷೆ ಮಾಡಲೇಬೇಕು. ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಡೆವಲಪರ್ ತಾಗಿದರೆ ಕೂದಲೇ ಬಿಸಿಯಾಗಿ ಹಾಳಾಗಬಹುದು. ಬ್ಲೀಚ್ ಆದ ಎಳೆಗೆ ಬರೀ ಗೋರಂಟಿ ಹಚ್ಚಿದರೂ ಕಡು ಕಿತ್ತಳೆ ಬಂದು ಕೂರುತ್ತದೆ, ಹೋಗುವುದಿಲ್ಲ.

ಇವತ್ತಿನ ಲೆಕ್ಕ: ಬುಡದಿಂದ ಸುಮಾರು ಹತ್ತೊಂಬತ್ತು ಸೆಂಟಿಮೀಟರ್ ಸ್ವಂತ ಕೂದಲು. ಅದರ ಕೆಳಗೆ ಇನ್ನೂ ಒಂದು ಗೇಣು ಹಳೆಯದು, ಮಾಸಲು ಕಂದು. ಜಡೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಚ್ಚಿ ಬಿಸಿಲಿಗೆ ನಿಂತರೆ ಗೊತ್ತಾಗುತ್ತದೆ. ನನಗೆ ಅದು ನಡೆಯುತ್ತದೆ.

ನಾಲ್ಕು ನಕ್ಷತ್ರ. ಒಂದನ್ನು ಕಿತ್ತುಕೊಂಡಿದ್ದು ಬಣ್ಣ ಹೋಗುತ್ತದೆ ಅಂತ ಅಲ್ಲ. ಡಬ್ಬಿಯೊಳಗಿನ ಅಷ್ಟುದ್ದದ ಚೀಟಿಯಲ್ಲಿ ಬ್ಲೀಚ್ ಆದ ಕೂದಲಿಗೆ ಮೊದಲು ತಾಮ್ರ ತುಂಬಿ ಅಂತ ಒಂದು ಸಾಲೂ ಇಲ್ಲದ್ದಕ್ಕೆ.