ತಪ್ಪು ಬಾಗಿಲಿನಿಂದ ಬಂದ ದುಡ್ಡು: ಸಾಕ್ಷ್ಯಚಿತ್ರಕ್ಕೆ ಚಂದಾ ಎತ್ತುವವರಿಗೆ ಒಂದು ಎಚ್ಚರಿಕೆ

ಶಿವಮೊಗ್ಗದ ನಾಲ್ಕು ಜನರ ತಂಡವೊಂದು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಜರಾದ ಸಿದ್ದಿ ಸಮುದಾಯದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿದವರನ್ನು ಬಣ್ಣ, ಕೂದಲು ನೋಡಿ ಇವತ್ತಿಗೂ ‘ಯಾವ ದೇಶದವರು?’ ಎಂದು ಬಸ್ಸಿನಲ್ಲಿ ಕೇಳುವುದುಂಟಲ್ಲ, ಅದೇ ಚಿತ್ರದ ವಸ್ತು. ಬಜೆಟ್ 12 ಲಕ್ಷ. ಚಿತ್ರ ನಿಂತುಹೋಯಿತು. ದುಡ್ಡು ಬರಲಿಲ್ಲ ಅಂತಲ್ಲ, ಬಂದ ದುಡ್ಡು ಬರಬಾರದ ದಾರಿಗಳಲ್ಲಿ ಬಂತು. ಲೆಕ್ಕ ಪೂರ್ತಿ ಬಿಚ್ಚಿಡುತ್ತಿರುವುದು ಇದೇ ಕೆಲಸಕ್ಕೆ ಕೈಹಾಕುವ ಬೇರೆಯವರು ಅಲ್ಲೇ ಎಡವದಿರಲಿ ಎಂದು.

ಮೊದಲ ತಪ್ಪು ಹಣದ್ದಲ್ಲ, ಹಣ ಕೇಳಿದ ವಿಡಿಯೋದ್ದು. ಮೂರು ನಿಮಿಷದ ಆ ತುಣುಕು ಡಮಾಮಿ ಎಂಬ ಚರ್ಮವಾದ್ಯದ ಬಡಿತಕ್ಕೆ ಕುಣಿಯುವ ಮಕ್ಕಳಿಂದ ಶುರುವಾಗಿ, ‘ಕರ್ನಾಟಕದೊಳಗಿನ ಆಫ್ರಿಕಾ’ ಎಂಬ ಸಾಲಿನಲ್ಲಿ ಮುಗಿಯುತ್ತಿತ್ತು. ದುಡ್ಡು ಕೊಡುವವರ ಕಣ್ಣು ಸೆಳೆಯಲು ಅದೇ ಸುಲಭ. ಆದರೆ ‘ನೀವು ಹೊರಗಿನವರು’ ಎಂಬ ಯಾವ ಮಾತನ್ನು ಚಿತ್ರ ಪ್ರಶ್ನಿಸಬೇಕಿತ್ತೋ ಅದನ್ನೇ ವಿಡಿಯೋ ಮಾರಾಟಕ್ಕಿಟ್ಟಿತ್ತು. ಊರಿಗೆ ವಾಟ್ಸಾಪ್‌ನಲ್ಲಿ ಅದು ತಲುಪಿದ ವಾರದಲ್ಲೇ ಎರಡು ಮನೆಯವರು ಚಿತ್ರೀಕರಣ ಬೇಡ ಎಂದರು. ಅವರ ಅನುಮಾನಕ್ಕೆ ಕಾರಣವೂ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆಂದು ಆರಿಸಿ ತರಬೇತಿ ಕೊಟ್ಟಿತು, ಕೆಲವೇ ವರ್ಷಕ್ಕೆ ಯೋಜನೆ ಕೈಬಿಟ್ಟಿತು. ಹೊರಗಿನಿಂದ ಬಂದು ನಡುದಾರಿಯಲ್ಲಿ ಬಿಟ್ಟುಹೋಗುವವರನ್ನು ಅವರು ಮೊದಲೇ ನೋಡಿದ್ದಾರೆ.

ಹಾಗಾಗಿ ಚಂದಾ ವಿಡಿಯೋಗೂ ಚಿತ್ರಕ್ಕೂ ಒಪ್ಪಿಗೆ ಬೇರೆ ಬೇರೆಯಾಗಿ ಪಡೆಯಬೇಕು. ಚಿತ್ರದಲ್ಲಿ ಮಾತಾಡಲು ಒಪ್ಪಿದವರು ತಮ್ಮ ಮುಖ ತೋರಿಸಿ ದುಡ್ಡು ಕೇಳಲು ಒಪ್ಪಿದಂತಲ್ಲ. ಅಲ್ಲಿ ಅನೇಕರ ಮನೆಮಾತು ಕೊಂಕಣಿ ಬೆರೆತದ್ದು. ಅಚ್ಚು ಹಾಕಿಸಿದ ಕನ್ನಡದ ಫಾರಂ ಮುಂದಿಟ್ಟು ಸಹಿ ಹಾಕಿಸಿಕೊಂಡರೆ ಸಾಲದು. ಅವರದೇ ಮಾತಿನಲ್ಲಿ ಓದಿ ಹೇಳಿ, ಅದನ್ನು ರೆಕಾರ್ಡ್ ಮಾಡಿ, ಎಡಿಟ್ ಆದ ತುಣುಕನ್ನು ಅವರಿಗೆ ತೋರಿಸಿದ ಮೇಲೇ ಹೊರಗೆ ಬಿಡಬೇಕು. ಮಕ್ಕಳಿದ್ದರೆ ತಂದೆ–ತಾಯಿಯ ಒಪ್ಪಿಗೆ ಬೇಕೇ ಬೇಕು.

ಇನ್ನು ಉಡುಗೊರೆಯ ವಿಷಯ. ಸಿದ್ದಿ ಹೆಂಗಸರು ಹಳೆಬಟ್ಟೆ ತುಂಡು ಜೋಡಿಸಿ ಕೈಯಲ್ಲಿ ಹೊಲಿಯುವ ಕೌದಿಗೆ ಈಗ ಒಳ್ಳೆಯ ಹೆಸರಿದೆ. ಹತ್ತು ಸಾವಿರ ಕೊಟ್ಟವರಿಗೆ ಒಂದು ಕೌದಿ ಎಂದು ಕ್ರೌಡ್‌ಫಂಡಿಂಗ್ (ಆನ್‌ಲೈನ್‌ನಲ್ಲಿ ಜನರಿಂದ ಚಂದಾ ಎತ್ತುವ) ಪುಟದಲ್ಲಿ ಹಾಕಲಾಯಿತು. ಹೊಲಿಯುವವರನ್ನು ಕೇಳಿದ್ದು ಆಮೇಲೆ! 22 ಜನ ಆ ಮೊತ್ತ ಕೊಟ್ಟರು. ಒಂದು ಕೌದಿ ಮುಗಿಯಲು ವಾರಗಟ್ಟಲೆ ಬೇಕು, ಗದ್ದೆ ಕೆಲಸ ಬಂದರೆ ಸೂಜಿ ಪಕ್ಕಕ್ಕೆ. ಬೇರೆಯವರ ದುಡಿಮೆಯನ್ನು ಅವರನ್ನು ಕೇಳದೆ ಮಾರಿದ ಹಾಗಾಯಿತು, ಅದೂ ನ್ಯಾಯದ ಬಗ್ಗೆ ಚಿತ್ರ ಮಾಡುವ ನೆಪದಲ್ಲಿ.

ಕ್ರೌಡ್‌ಫಂಡಿಂಗ್ ತಾಣದಲ್ಲಿ ಒಟ್ಟು ಬಂದದ್ದು 4,60,000. ಎಲ್ಲರೂ ಈ ಅಂಕಿ ನೋಡಿಯೇ ಖುಷಿಪಡುತ್ತಾರೆ. ನೂರು ರೂಪಾಯಿಗೆ ತಾಣದ ಕಮಿಷನ್ 8, ಅದರ ಮೇಲೆ ಶೇ 18 ಜಿಎಸ್‌ಟಿ ಎಂದರೆ 1.44, ಪಾವತಿ ಶುಲ್ಕ ತೆರಿಗೆ ಸೇರಿ 2.36. ಅಲ್ಲಿಗೆ 11.80 ಹೋಯಿತು. ಕೈಗೆ ಸಿಕ್ಕಿದ್ದು 4,05,720. ಕೌದಿಗೆ ತಲಾ 5,000 ಮಜೂರಿ, ಕೊರಿಯರ್‌ಗೆ 400 ಹಿಡಿದರೆ 22ಕ್ಕೆ 1,18,800. ಚಿತ್ರಕ್ಕೆ ಉಳಿದದ್ದು 2,86,920. ಕ್ಯಾಮೆರಾ, ಧ್ವನಿ ಸಲಕರಣೆಗೆ ದಿನಕ್ಕೆ 6,500, ಡೀಸೆಲ್ ಸೇರಿ ಗಾಡಿಗೆ 4,000, ನಾಲ್ವರ ಊಟ–ವಸತಿಗೆ 2,800. ದಿನಕ್ಕೆ 13,300 ಆಯಿತು. ಉಳಿದ ದುಡ್ಡಿಗೆ 21 ದಿನದ ಶೂಟಿಂಗ್, ಸಂಕಲನಕ್ಕೆ ಹೆಚ್ಚುಕಡಿಮೆ ಸೊನ್ನೆ. ಬೇಕಾದ ನಿವ್ವಳ ಮೊತ್ತ ಮೊದಲು ಬರೆದು, ಕಡಿತ ಮತ್ತು ಉಡುಗೊರೆ ಖರ್ಚು ಸೇರಿಸಿ ಗುರಿ ಇಡಬೇಕು. ಇಲ್ಲಿ ಉಲ್ಟಾ ಆಯಿತು.

ಗುರಿ ಮುಟ್ಟದಿದ್ದರೆ ಎಲ್ಲ ವಾಪಸ್ ಹೋಗುವ ಪದ್ಧತಿಯ ತಾಣಗಳೂ ಇವೆ, ಬಂದಷ್ಟು ಇಟ್ಟುಕೊಳ್ಳುವ ತಾಣಗಳೂ ಇವೆ. ಎರಡನೆಯದೇ ಸುರಕ್ಷಿತ ಅನ್ನಿಸುತ್ತದೆ, ಆದರೆ ಮೂರನೇ ಒಂದು ಭಾಗ ದುಡ್ಡಿಗೆ ಪೂರ್ತಿ ಚಿತ್ರದ ಹೊಣೆ ತಲೆಮೇಲೆ ಬೀಳುವುದು ಅಲ್ಲೇ. ಸಮಯವನ್ನೂ ತಪ್ಪಿದ್ದರು: ಜೂನ್–ಜುಲೈ. ಶಾಲೆ ಫೀಸು, ಮಳೆ, ನೆಟ್‌ವರ್ಕ್ ಇಲ್ಲದ ದಿನಗಳು. ಮಲೆನಾಡಿನ ಕೈ ಸಡಿಲವಾಗುವುದು ಅಡಿಕೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಬಂದ ಮೇಲೆ.

ತಾಣದ ಕಮಿಷನ್ ಉಳಿಸೋಣ ಎಂದು ನಿರ್ದೇಶಕರ ಯುಪಿಐ ಕ್ಯೂಆರ್ ಕೋಡನ್ನು ಸ್ಟೇಟಸ್‌ನಲ್ಲಿ ಹಾಕಿದ್ದು ಇನ್ನೊಂದು ಪ್ರಮಾದ. ಗಣಪತಿ ಚಂದಾದ ಹಾಗೆ 500, 1,000 ಬರುತ್ತಾ ಅವರ ಉಳಿತಾಯ ಖಾತೆಗೆ 3,40,000 ಸೇರಿತು. ಸಂಬಂಧಿಕರಲ್ಲದವರಿಂದ ಪ್ರತಿಫಲವಿಲ್ಲದೆ ವರ್ಷದಲ್ಲಿ ಒಟ್ಟು 50,000 ದಾಟಿ ಬಂದರೆ, ದಾಟಿದ ಭಾಗ ಮಾತ್ರವಲ್ಲ, ಇಡೀ ಮೊತ್ತ ಪಡೆದವರ ಆದಾಯ ಎಂದು ತೆರಿಗೆಗೆ ಒಳಪಡುತ್ತದೆ. ಚಿತ್ರಕ್ಕೆ ಖರ್ಚಾಯಿತು ಎಂಬ ಬಿಲ್ಲು ಅಲ್ಲಿ ನಡೆಯುವುದು ಕಷ್ಟ. ಆ ಖಾತೆಯಲ್ಲೇ ಮನೆಯ ಗ್ಯಾಸು, ಸಾಲದ ಕಂತು ಎಲ್ಲ ಹೋಗಿತ್ತು, ಯಾವುದು ಚಿತ್ರದ್ದು ಯಾವುದು ಮನೆಯದ್ದು ಎಂದು ಬೇರ್ಪಡಿಸಲು ಲೆಕ್ಕಪರಿಶೋಧಕರು ಕೈಚೆಲ್ಲಿದರು. ಮೊದಲ ರೂಪಾಯಿ ಬರುವ ಮುಂಚೆ ಚಿತ್ರದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಿರಿ. ಅದಕ್ಕೆ ದಾಖಲೆಯಾಗಿ ಕೊಡಬಹುದಾದ ಉದ್ಯಮ್ (ಸಣ್ಣ ಉದ್ದಿಮೆಯ) ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಸಾವಿರ–ಎರಡು ಸಾವಿರ ಕೇಳುವವರ ಬಳಿ ಹೋಗಬೇಡಿ. ಲಾಭದಲ್ಲಿ ಪಾಲು ಕೊಡುತ್ತೇವೆ, ಬಡ್ಡಿ ಸೇರಿಸಿ ತಿರುಗಿಸುತ್ತೇವೆ ಎಂದು ಜನರಿಂದ ಹಣ ಎತ್ತುವುದಂತೂ ಬೇಡವೇ ಬೇಡ. ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧಕ್ಕೆಂದೇ 2019ರ ಕಾಯ್ದೆ ಇದೆ.

ವಿದೇಶಿ ದುಡ್ಡಿನ ಬಾಗಿಲು ಇನ್ನೂ ಅಪಾಯದ್ದು. ಸಾಗರದ ಕಡೆಯವರೇ ಒಬ್ಬರು, ಈಗ ಅಮೆರಿಕದ ಪೌರರು, 2,500 ಡಾಲರ್ ಕಳಿಸಿದರು. ನಮ್ಮೂರಿನವರಲ್ಲವೇ ಎಂಬ ಭಾವನೆಗೆ ವಿದೇಶಿ ವಂತಿಗೆ ಕಾಯ್ದೆ, 2010ರಲ್ಲಿ ಜಾಗವಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಪೌರತ್ವ ಬದಲಾಗಿದ್ದರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ಮೂಲವೇ. ಸಾಮಾಜಿಕ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅದನ್ನು ಪಡೆಯಲು ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಮತ್ತು ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ನಿಗದಿತ ಖಾತೆಗೆ. ಸುದ್ದಿ, ಪ್ರಚಲಿತ ವಿದ್ಯಮಾನದ ಕಾರ್ಯಕ್ರಮ ತಯಾರಿಸುವ ಸಂಸ್ಥೆಗಳಿಗೆ ವಿದೇಶಿ ವಂತಿಗೆ ಪಡೆಯುವುದೇ ನಿಷಿದ್ಧ, ಸಾಕ್ಷ್ಯಚಿತ್ರದವರು ಈ ಗೆರೆಯ ಹತ್ತಿರವೇ ನಿಂತಿರುತ್ತಾರೆ. ಅನುಮತಿಯಿರುವ ಪರಿಚಯದ ಟ್ರಸ್ಟಿಗೆ ಹಾಕಿಸಿ ಅಲ್ಲಿಂದ ತೆಗೆದುಕೊಳ್ಳೋಣ ಎಂದರೆ, 2020ರ ತಿದ್ದುಪಡಿ ಬಂದ ಮೇಲೆ ಒಬ್ಬರು ಪಡೆದ ವಿದೇಶಿ ವಂತಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಬ್ಯಾಂಕಿನವರು ಹಣದ ಉದ್ದೇಶ ಕೇಳಿದಾಗ ತಂಡದವರು ‘ಕುಟುಂಬ ನಿರ್ವಹಣೆ’ ಎಂದು ಬರೆದುಕೊಟ್ಟರು. ಸುಳ್ಳು ಘೋಷಣೆಯೂ ಅಲ್ಲಿಗೆ ಸೇರಿತು. ಹೊರದೇಶದವರು ಹಣ ಕೊಡಲು ಬಂದರೆ ಕಳಿಸುವ ಮುನ್ನವೇ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಮುಜುಗರ ಆದರೂ ಕೇಳಿ.

ಇಷ್ಟೆಲ್ಲ ಆಗಿ ಕಂಗೆಟ್ಟಿದ್ದಾಗ ‘ಸಿಎಸ್‌ಆರ್ ಫಂಡ್ ಮಾಡಿಸಿಕೊಡುತ್ತೇನೆ’ ಎಂಬ ದಲ್ಲಾಳಿ ಬಂದ. ಸಿಎಸ್‌ಆರ್ ಎಂದರೆ ಕಂಪನಿಗಳು ಸಾಮಾಜಿಕ ಕೆಲಸಕ್ಕೆಂದು ಕೊಡುವ ಹಣ. ಫೈಲ್ ಚಾರ್ಜ್ 18,000, ಆಮೇಲೆ ಪ್ರಾಜೆಕ್ಟ್ ರಿಪೋರ್ಟಿಗೆ 27,000. ಛಾಪಾ ಕಾಗದದ ಮೇಲೆ 50 ಲಕ್ಷದ ಮಂಜೂರಾತಿ ಪತ್ರ, ದುಂಡು ಮೊಹರು, ಕಳಿಸಿದ್ದು ಮಾತ್ರ ಉಚಿತ ಇಮೇಲ್ ವಿಳಾಸದಿಂದ. ಕೊನೆಗೆ, ಹಣ ಬಂದ ತಕ್ಷಣ ಅರ್ಧ ನಗದಾಗಿ ವಾಪಸ್ ಕೊಡಬೇಕು ಎಂದ. ಅಲ್ಲಿ ನಿಲ್ಲಿಸಿದ್ದೊಂದೇ ಈ ತಂಡ ಮಾಡಿದ ಸರಿ ಕೆಲಸ. 45,000 ಹೋಯಿತು. ಸಿಎಸ್‌ಆರ್ ಹಣ ಒಬ್ಬ ವ್ಯಕ್ತಿಗೆ, ನಿರ್ದೇಶಕನಿಗೆ ನೇರವಾಗಿ ಬರುವುದಿಲ್ಲ. ಸಾಮಾನ್ಯವಾಗಿ ಅದು 12ಎ, 80ಜಿ ಎಂಬ ಆದಾಯ ತೆರಿಗೆ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ ಮತ್ತು ಸರ್ಕಾರ ಕೊಡುವ ಸಿಎಸ್‌ಆರ್–1 ಸಂಖ್ಯೆ ಇರುವ ಟ್ರಸ್ಟ್ ಅಥವಾ ಸಂಘದ ಮೂಲಕವೇ ಹೋಗುತ್ತದೆ. ಆ ಸಂಖ್ಯೆ ಕೇಳಿ, ಕಂಪನಿಯ ವಾರ್ಷಿಕ ವರದಿಯ ಸಿಎಸ್‌ಆರ್ ಪುಟ ನೋಡಿ, ಕಂಪನಿಯ ಕಚೇರಿಗೇ ಫೋನು ಮಾಡಿ. ಮುಂಗಡ ಕೇಳಿದವನು ಯಾರೇ ಇರಲಿ, ಅಲ್ಲೇ ಎದ್ದು ಬನ್ನಿ.

ಟ್ರಸ್ಟ್ ಜೊತೆ ಹೋಗುವುದಾದರೂ ಒಂದು ವಿಷಯ. ಬಿಲ್ಲುಗಳು ಟ್ರಸ್ಟಿನ ಹೆಸರಿನಲ್ಲೇ ಇರಬೇಕು, ನಿಮ್ಮ ಹೆಸರಿನ ಲಾಡ್ಜ್ ಬಿಲ್ಲು ಅವರ ಲೆಕ್ಕಕ್ಕೆ ಬರುವುದಿಲ್ಲ. 80ಜಿ ರಸೀದಿ ಬಯಸುವವರಿಂದ 2,000ಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಬೇಡಿ, ಅವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅವಸರವಿಲ್ಲದವರು ಕಲೆಗೆ ಅನುದಾನ ಕೊಡುವ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಕಡೆಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು.

ಕೌದಿ 13 ತಲುಪಿವೆ. ಉಳಿದ ಒಂಬತ್ತಕ್ಕೆ ಹೊಲಿಯುವವರಿಗೆ ಪೂರ್ತಿ ಮಜೂರಿ ಮುಂಗಡ ಸಂದಿದೆ. ಗದ್ದೆ ಕೆಲಸ ಮುಗಿದ ಮೇಲೆ, ಅವರ ಪುರುಸೊತ್ತಿನಲ್ಲಿ. ದುಡ್ಡು ಕೊಟ್ಟವರಿಗೆ ಹಾಗೆಂದೇ ಪತ್ರ ಹೋಗಿದೆ.