ಗರ್ಭಿಣಿಯರ ರಕ್ತಪರೀಕ್ಷೆ ಪ್ಯಾಕೇಜ್: ಮೈಸೂರು, ಮಂಡ್ಯದಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದಲ್ಲಾಗಲಿ, ಮಂಡ್ಯದ ನೂರಡಿ ರಸ್ತೆಯಲ್ಲಾಗಲಿ ಈಗ ಲ್ಯಾಬ್‌ಗಳು ಬಸುರಿಯರಿಗೆಂದೇ ಪ್ಯಾಕೇಜ್ ಮಾರುತ್ತವೆ. ಬೆಳಿಗ್ಗೆ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಆಮೇಲೆ ವಾಟ್ಸಾಪ್‌ಗೆ ರಿಪೋರ್ಟ್ ಬರುತ್ತದೆ. ಅನುಕೂಲದ ಮಟ್ಟಿಗೆ ಸೇವೆ ಚೆನ್ನಾಗಿಯೇ ಇದೆ. ಆದರೆ ‘60 ಟೆಸ್ಟ್’, ‘75 ಟೆಸ್ಟ್’ ಎಂಬ ಲೆಕ್ಕ ನೋಡಿ ಪ್ಯಾಕೇಜ್ ಆರಿಸಬೇಡಿ. ಸಿಬಿಸಿ (ರಕ್ತಕಣಗಳ ಎಣಿಕೆ) ಎಂಬ ಒಂದೇ ಪರೀಕ್ಷೆಯ ಇಪ್ಪತ್ತು ಚಿಲ್ಲರೆ ಸಾಲುಗಳನ್ನು ಇಪ್ಪತ್ತು ಟೆಸ್ಟ್ ಎಂದೇ ಎಣಿಸಿರುತ್ತಾರೆ, ಮೂತ್ರದ ಬಣ್ಣವೂ ಅದರಲ್ಲಿ ಒಂದು ಟೆಸ್ಟ್. ಪೋಷಕಾಂಶಗಳ ಮಟ್ಟಿಗೆ ತಾಯಿಯ ಚಿಕಿತ್ಸೆಯನ್ನು ನಿಜವಾಗಿ ಬದಲಿಸುವ ಅಳತೆಗಳು ಮೂರು: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಅಳತೆ), ವಿಟಮಿನ್ ಬಿ12. ಇವುಗಳಲ್ಲಿ ಕೊನೆಯ ಎರಡು ಕಡಿಮೆ ಬೆಲೆಯ ಪ್ಯಾಕೇಜ್‌ಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ.

ದುಡ್ಡು ಕಟ್ಟುವ ಮುಂಚೆ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಮೂತ್ರ, ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಕು ಮೂರು ತಿಂಗಳು ತುಂಬಿದ ಗರ್ಭಿಣಿಯರನ್ನು ವೈದ್ಯರೇ ನೋಡುತ್ತಾರೆ. ಮೈಸೂರಿಗೆ ಚೆಲುವಾಂಬ ಆಸ್ಪತ್ರೆ, ಮಂಡ್ಯಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜಿನ ಮಿಮ್ಸ್ ಆಸ್ಪತ್ರೆ ಇದ್ದೇ ಇವೆ. ಅಲ್ಲಿ ಉಚಿತವಾಗಿ ಆಗುವುದನ್ನೇ ಪ್ಯಾಕೇಜ್‌ನಲ್ಲಿ ಮತ್ತೆ ದುಡ್ಡು ಕೊಟ್ಟು ಮಾಡಿಸುವ ಬದಲು, ಫೆರಿಟಿನ್ ಮತ್ತು ಬಿ12 ಎರಡನ್ನು ಮಾತ್ರ ಬಿಡಿಯಾಗಿ ಹೊರಗೆ ಮಾಡಿಸುವುದು ನಮ್ಮ ಸಲಹೆ. ಬಿಡಿಯಾಗಿ ಮಾಡಿಕೊಡುವುದಿಲ್ಲ ಎನ್ನುವ ಲ್ಯಾಬ್ ಇದ್ದರೆ ಪಕ್ಕದ ಲ್ಯಾಬ್ ನೋಡಿ.

ಹಿಮೋಗ್ಲೋಬಿನ್ ಎಲ್ಲರಿಗೂ ಗೊತ್ತಿರುವ ಸಂಖ್ಯೆ. ಅದನ್ನು ಓದುವಾಗಲೇ ಹೆಚ್ಚು ತಪ್ಪಾಗುವುದು. ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 10ರಿಂದ 10.9 ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಬಸಿರಿನಲ್ಲಿ ರಕ್ತದ ನೀರಿನಂಶ 40–50% ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟೇ ವೇಗವಾಗಿ ಹೆಚ್ಚುವುದಿಲ್ಲ. ಹಾಗಾಗಿ ನಾಲ್ಕನೇ ತಿಂಗಳಿಂದ ಆರನೇ ತಿಂಗಳವರೆಗೆ ಸಂಖ್ಯೆ ಸ್ವಲ್ಪ ಇಳಿಯುವುದು ಸಹಜ. ಈ ಅವಧಿಗೆ ಗಡಿ 10.5. ಕಂಪ್ಯೂಟರ್ ಅಚ್ಚು ಹಾಕುವ ರಿಪೋರ್ಟ್‌ನಲ್ಲಿ ಮಾತ್ರ ಬಸುರಿಯಲ್ಲದ ಹೆಂಗಸಿನ 12 ಎಂಬ ಗಡಿಯೇ ಇರುತ್ತದೆ, 11.2 ಇದ್ದರೂ ಕೆಂಪಕ್ಷರದಲ್ಲಿ ಬರುತ್ತದೆ. ಬಸಿರಿನ ತಿಂಗಳನ್ನು ಕೇಳಿ ಬರೆದುಕೊಂಡು, ಅದಕ್ಕೆ ತಕ್ಕ ಗಡಿಯನ್ನು ಅಚ್ಚು ಹಾಕುವ ಲ್ಯಾಬ್‌ಗೆ ನಾವು ಹೆಚ್ಚು ಅಂಕ ಕೊಡುತ್ತೇವೆ.

ಬೆರಳು ಚುಚ್ಚಿ ನೋಡುವ ಯಂತ್ರ ಕೆಟ್ಟದ್ದಲ್ಲ. ಕೆಡುವುದು ಚುಚ್ಚುವ ರೀತಿಯಲ್ಲಿ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ, ಮೊದಲ ಹನಿ ಒರೆಸದೆ ಅದನ್ನೇ ಹಿಡಿದರೆ, ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ, ರಕ್ತದ ಜೊತೆ ಸ್ಪಿರಿಟ್ ಅಥವಾ ಅಂಗಾಂಶದ ನೀರು ಬೆರೆತು ಸಂಖ್ಯೆ ತಪ್ಪುತ್ತದೆ. ಕೈ ತಣ್ಣಗಿದ್ದರೆ ಮೊದಲು ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬೆರಳಿನ ಪರೀಕ್ಷೆಯಲ್ಲಿ ಗಡಿಯ ಹತ್ತಿರ ಬಂದ ಸಂಖ್ಯೆಯನ್ನು ರಕ್ತನಾಳದ ರಕ್ತದಲ್ಲಿ ಇನ್ನೊಮ್ಮೆ ನೋಡಿಸಲೇಬೇಕು.

ಹಿಮೋಗ್ಲೋಬಿನ್ ಇಳಿಯುವುದು ಕಬ್ಬಿಣದ ದಾಸ್ತಾನು ಖಾಲಿಯಾದ ಮೇಲೆ. ದಾಸ್ತಾನು ಎಷ್ಟಿದೆ ಎಂದು ಹೇಳುವುದು ಫೆರಿಟಿನ್. 11.4 ಹಿಮೋಗ್ಲೋಬಿನ್ ಇದ್ದು ಫೆರಿಟಿನ್ 9 ಇರುವ ಬಸುರಿಗೆ ಏಳನೇ ತಿಂಗಳಲ್ಲಿ ತೊಂದರೆ ಕಾದಿರುತ್ತದೆ. ಮೊದಲ ಮೂರು ತಿಂಗಳಲ್ಲಿ 15 ಮೈಕ್ರೋಗ್ರಾಂಗಿಂತ ಕಡಿಮೆ ಎಂದರೆ ಕೊರತೆ ಖಚಿತ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗಡಿ. ಹಲವು ಸ್ತ್ರೀರೋಗ ತಜ್ಞರು 30ರ ಕೆಳಗಿದ್ದರೇ ಚಿಕಿತ್ಸೆ ಶುರು ಮಾಡುತ್ತಾರೆ. ಜ್ವರ, ಮೂತ್ರದ ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುವುದರಿಂದ ಜೊತೆಗೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ನೋಡಬೇಕು. ಪ್ಯಾಕೇಜ್‌ಗಳು ಫೆರಿಟಿನ್ ಬದಲು ‘ಸೀರಮ್ ಐರನ್’ ಹಾಕಿ ಕಬ್ಬಿಣ ನೋಡಿದ್ದೇವೆ ಎನ್ನುತ್ತವೆ. ಅದು ಬೆಳಿಗ್ಗೆಗೂ ಸಂಜೆಗೂ ಬದಲಾಗುತ್ತದೆ, ಹಿಂದಿನ ಹೊತ್ತು ನುಂಗಿದ ಮಾತ್ರೆಗೂ ಏರುತ್ತದೆ. ಅದೊಂದನ್ನೇ ನಂಬಿ ಏನನ್ನೂ ತೀರ್ಮಾನಿಸಲಾಗದು.

ಸಿಬಿಸಿಯಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಎಂಬ ಸಾಲನ್ನು ಬಿಡಬೇಡಿ. ಎಂಸಿವಿ ತಗ್ಗಿದ್ದು ಕೆಂಪು ಕಣಗಳ ಎಣಿಕೆ 50 ಲಕ್ಷ ದಾಟಿದ್ದರೆ ಕಬ್ಬಿಣದ ಕೊರತೆಗಿಂತ ಥಲಸ್ಸೀಮಿಯ (ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ) ವಾಹಕತೆಯ ಅನುಮಾನ ಬರಬೇಕು. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಕಣ ಎಣಿಕೆಯಿಂದ ಭಾಗಿಸಿ, 13ಕ್ಕಿಂತ ಕಡಿಮೆ ಬಂದರೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ, ಅದರಲ್ಲಿ ಕಂಡುಬಂದರೆ ಗಂಡನಿಗೂ ತಡಮಾಡದೆ ಮಾಡಿಸಬೇಕು. ಇನ್ನೊಂದು ಬಲೆ ಇದೆ: ಕಬ್ಬಿಣದ ಕೊರತೆ ಕಣವನ್ನು ಚಿಕ್ಕದು ಮಾಡುತ್ತದೆ, ಬಿ12 ಕೊರತೆ ದೊಡ್ಡದು ಮಾಡುತ್ತದೆ. ಎರಡೂ ಒಟ್ಟಿಗಿದ್ದರೆ ಎಂಸಿವಿ ಸರಿಯಾಗಿಯೇ ಕಾಣುತ್ತದೆ, ಕಣಗಳ ಗಾತ್ರದ ಏರುಪೇರು ಹೇಳುವ ಆರ್‌ಡಿಡಬ್ಲ್ಯು ಮಾತ್ರ ಏರಿರುತ್ತದೆ.

ಬಿ12 ವಿಷಯಕ್ಕೆ ಮೈಸೂರಿಗೇ ಸೇರಿದ ಪುರಾವೆ ಇದೆ. ಮಿಷನ್ ಆಸ್ಪತ್ರೆ ಎಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ನಡೆದ ಮೈಸೂರು ಪಾರ್ಥೆನಾನ್ ಅಧ್ಯಯನ, ಸುಮಾರು 30 ವಾರದಲ್ಲಿ ತೆಗೆದಿಟ್ಟ ರಕ್ತವನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. 43% ತಾಯಂದಿರಲ್ಲಿ ಬಿ12 ಕಡಿಮೆ ಇತ್ತು. ಕಡಿಮೆ ಇದ್ದವರಲ್ಲಿ 8.7% ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಬಂದರೆ, ಸರಿಯಾಗಿದ್ದವರಲ್ಲಿ 4.6%. ಫೋಲೇಟ್ (ಬಿ ಗುಂಪಿನ ಇನ್ನೊಂದು ವಿಟಮಿನ್, ಮಾತ್ರೆಯಲ್ಲಿ ಫೋಲಿಕ್ ಆಮ್ಲ) ಹೆಚ್ಚಿದ್ದ ತಾಯಂದಿರ ಮಕ್ಕಳು 9–10ನೇ ವಯಸ್ಸಿನ ಕಲಿಕೆ, ನೆನಪಿನ ಪರೀಕ್ಷೆಗಳಲ್ಲಿ ಮುಂದಿದ್ದರು. ಇವು ಜೊತೆಜೊತೆಗೆ ಕಂಡ ಸಂಬಂಧಗಳು, ಒಂದರಿಂದಲೇ ಇನ್ನೊಂದು ಆಯಿತೆಂಬ ಸಾಬೀತಲ್ಲ. ಆದರೂ ನಮ್ಮದೇ ಊರಿನ ಹೆಣ್ಣುಮಕ್ಕಳ ರಕ್ತ ಹೇಳಿದ ಮಾತಿದು, ಇಲ್ಲಿನ ಪ್ಯಾಕೇಜ್‌ಗಳಲ್ಲೇ ಬಿ12 ಬಿಟ್ಟುಹೋಗುವುದನ್ನು ಒಪ್ಪಲಾಗುವುದಿಲ್ಲ.

ಬಿ12 ಸೊಪ್ಪು, ಕಾಳು, ರಾಗಿಯಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ದಿನಾ ಮುದ್ದೆ, ಬಸ್ಸಾರು ಉಂಡು ಹಾಲನ್ನೆಲ್ಲ ಡೇರಿಗೆ ಹಾಕುವ ಮನೆಯ ಸೊಸೆಗೂ ಕೊರತೆ ಇರಬಹುದು. 200 ಪಿಕೋಗ್ರಾಂಗಿಂತ ಕಡಿಮೆಯನ್ನು ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಬಸಿರು ಬಲಿತಂತೆ ಬಿ12 ಸಂಖ್ಯೆ ತಾನಾಗಿಯೇ ಇಳಿಯುವುದರಿಂದ ಮೊದಲ ಮೂರು ತಿಂಗಳಲ್ಲೇ ನೋಡಿಸುವುದು ಒಳ್ಳೆಯದು. ಅತಿ ಮುಖ್ಯವಾದದ್ದು: ಮೊದಲು ರಕ್ತ, ಆಮೇಲೆ ಇಂಜೆಕ್ಷನ್. ಒಂದು ಇಂಜೆಕ್ಷನ್ ಬಿದ್ದ ಮೇಲೆ ಬರುವ 1,500, 2,000 ಎಂಬ ಸಂಖ್ಯೆಗೆ ಅರ್ಥವಿಲ್ಲ.

ಮಗುವಿನ ಕಡೆಯಿಂದ ನೋಡಿದರೆ ಇದು ಇನ್ನೂ ಗಂಭೀರ. ಕೊರತೆ ಇರುವ ತಾಯಿಯ ಎದೆಹಾಲಲ್ಲೂ ಬಿ12 ಕಡಿಮೆ. ಬರಿ ಎದೆಹಾಲಲ್ಲೇ ಬೆಳೆದ ಮಗು ಆರು ತಿಂಗಳ ಆಚೀಚೆ ಮಂಕಾಗುತ್ತದೆ, ನಗುವುದು ಕಡಿಮೆ ಮಾಡುತ್ತದೆ, ಮೊದಲು ಎತ್ತಿ ಹಿಡಿಯುತ್ತಿದ್ದ ಕತ್ತನ್ನು ಈಗ ಹಿಡಿಯಲಾರದು, ಬೆರಳ ಗಿಣ್ಣುಗಳ ಮೇಲೆ ಚರ್ಮ ಕಪ್ಪಾಗುತ್ತದೆ, ಕೂದಲು ಕೆಂಚಗೆ ವಿರಳವಾಗುತ್ತದೆ, ಕೆಲವು ಮಕ್ಕಳಿಗೆ ಕೈ, ತಲೆ ನಡುಗತೊಡಗುತ್ತದೆ. ಮಗು ಗುಂಡುಗುಂಡಾಗಿ ಕಾಣುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಈ ಗಿಣ್ಣಿನ ಕಪ್ಪು ಕಂಡರೆ ದೃಷ್ಟಿ ತೆಗೆಯುತ್ತಾ ಕೂರದೆ ಅಂದೇ ಮಕ್ಕಳ ವೈದ್ಯರ ಹತ್ತಿರ ಕರೆದೊಯ್ಯಿರಿ, ತಾಯಿಯ ಬಿ12 ಸಹ ನೋಡಿಸಿ.

ಉಳಿದ ಸಾಲುಗಳ ವಿಷಯ ಬೇಗ ಮುಗಿಸಬಹುದು. ಫೋಲೇಟ್ ಪರೀಕ್ಷೆಗೆ ಕಾಯಬೇಕಿಲ್ಲ: ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳ ಗರ್ಭಧಾರಣೆಯ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಮಗು ಬೇಕೆಂದುಕೊಂಡಾಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕು. ವಿಟಮಿನ್ ಡಿ ಮಾಡಿಸುವುದಾದರೆ 25-ಹೈಡ್ರಾಕ್ಸಿ ಎಂದೇ ಕೇಳಿ. 1,25 ಎಂಬುದು ಬೇರೆ ಪರೀಕ್ಷೆ, ದುಬಾರಿ, ದಾಸ್ತಾನನ್ನು ತೋರಿಸದು. ಮೇಲೆ ಹೇಳಿದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ತಾಯಂದಿರಿಗೆ ಡಿ ಕಡಿಮೆ ಇತ್ತು, ಹಾಗಾಗಿ ಪರೀಕ್ಷೆಗೆ ಕಾಯದೆ ಮಾತ್ರೆ ತೆಗೆದುಕೊಂಡರೂ ಸರಿ. ಒಟ್ಟು ಕ್ಯಾಲ್ಸಿಯಂ ಬಸಿರಿನಲ್ಲಿ ಇಳಿದಂತೆ ಕಾಣುವುದು ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಯುವುದರಿಂದ, ಗಾಬರಿ ಬೇಡ. ಜಿಂಕ್‌ಗೆ ಲೋಹದ ಕಲಬೆರಕೆ ಇಲ್ಲದ ವಿಶೇಷ ಟ್ಯೂಬ್ ಬೇಕು, ಮಾಮೂಲಿ ಟ್ಯೂಬಿನಲ್ಲಿ ತೆಗೆದ ಜಿಂಕ್ ರಿಪೋರ್ಟ್ ದಂಡ. ಅಯೋಡಿನ್ ರಕ್ತದಲ್ಲಿ ನೋಡುವುದಲ್ಲ, ಉಪ್ಪು ಅಯೋಡಿನ್‌ಯುಕ್ತವೇ ಎಂದು ನೋಡಿಕೊಂಡರೆ ಸಾಕು, ಥೈರಾಯ್ಡ್‌ಗೆ ಟಿಎಸ್‌ಎಚ್ ಮಾಡಿಸಿ. ಬಿ12, ಫೋಲೇಟ್ ಕೊರತೆಯಲ್ಲಿ ಏರುವ ಹೋಮೋಸಿಸ್ಟೀನ್ ಪರೀಕ್ಷೆಗೆ ಮನೆಯಲ್ಲಿ ರಕ್ತ ತೆಗೆಸಲೇಬೇಡಿ. ರಕ್ತವನ್ನು ಬೇಗ ಬೇರ್ಪಡಿಸದಿದ್ದರೆ ಕಣಗಳಿಂದಲೇ ಸೋರಿ ಸಂಖ್ಯೆ ಏರುತ್ತಾ ಹೋಗುತ್ತದೆ.

ಮನೆಗೆ ಬರುವ ಹುಡುಗ ಹೇಗೆ ರಕ್ತ ತೆಗೆಯುತ್ತಾನೆ ಎಂಬುದರ ಮೇಲೆ ಸೇವೆಯ ಗುಣಮಟ್ಟ ನಿಂತಿದೆ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬ್ ಮೊದಲು, ನೇರಳೆ ಆಮೇಲೆ, ಸಕ್ಕರೆಯ ಬೂದು ಟ್ಯೂಬ್ ಕೊನೆಗೆ. ನೇರಳೆ ಟ್ಯೂಬಿನ ರಾಸಾಯನಿಕ ಹಳದಿಗೆ ಸೇರಿದರೆ ಕ್ಯಾಲ್ಸಿಯಂ ಸುಳ್ಳಾಗಿ ಇಳಿದು ಪೊಟ್ಯಾಸಿಯಂ ಏರುತ್ತದೆ. ಸಿರಿಂಜ್‌ನಿಂದ ಟ್ಯೂಬಿಗೆ ರಭಸವಾಗಿ ಒತ್ತಿದರೆ ಕಣಗಳು ಒಡೆಯುತ್ತವೆ, ಆಗ ಫೋಲೇಟ್, ಕಬ್ಬಿಣ ಎರಡೂ ಹೆಚ್ಚಾಗಿ ತೋರುತ್ತವೆ. ನೇರಳೆ ಟ್ಯೂಬನ್ನು ಮೆಲ್ಲಗೆ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಬೇಕು, ಅಲುಗಾಡಿಸಬಾರದು. ಟ್ಯೂಬಿನ ಮೇಲೆ ಹೆಸರನ್ನು ನಿಮ್ಮ ಕಣ್ಣೆದುರೇ ಬರೆಯಲಿ. ಇಷ್ಟನ್ನೂ ಕೇಳದೆಯೇ ಮಾಡುವವನಾದರೆ ಆ ಲ್ಯಾಬ್ ಒಳ್ಳೆಯದು.

ನಿಮ್ಮ ಕಡೆಯಿಂದಲೂ ಎರಡು ಕೆಲಸ ಇವೆ. ಹಿಂದಿನ ದಿನದ ಕಬ್ಬಿಣದ ಮಾತ್ರೆಗೂ ರಕ್ತಕ್ಕೂ 24 ಗಂಟೆ ಅಂತರ ಇರಲಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಎರಡು ಮೂರು ದಿನ ನಿಲ್ಲಿಸಿ, ಲ್ಯಾಬ್‌ಗೂ ಹೇಳಿ. ಕೆಲವು ಯಂತ್ರಗಳಲ್ಲಿ ಅದರಿಂದ ಬಿ12, ಡಿ ಸುಳ್ಳಾಗಿ ಹೆಚ್ಚು, ಫೆರಿಟಿನ್, ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಬರುತ್ತವೆ.

ರಿಪೋರ್ಟ್ ಬಂದ ಮೇಲಿನ ಔಷಧಕ್ಕೆ ಮತ್ತೆ ಹೊರಗೆ ಹೋಗಬೇಕಿಲ್ಲ. ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯಾದ ಮೇಲೆ 180 ದಿನ ಉಚಿತವಾಗಿ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇವೆ. ಹಿಮೋಗ್ಲೋಬಿನ್ 7ರಿಂದ 10.9 ಇದ್ದರೆ ದಿನಕ್ಕೆ ಎರಡು. 7ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಸಾಲದು, ಆಸ್ಪತ್ರೆಗೇ ಹೋಗಬೇಕು. ಈ ಮಾತ್ರೆಯಲ್ಲಿ ಬಿ12 ಇಲ್ಲ, ಅದನ್ನು ವೈದ್ಯರು ಬೇರೆಯಾಗಿ ಬರೆದುಕೊಡಬೇಕು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರ, ಕಾಫಿ ಟೀಗೆ ಒಂದು ಗಂಟೆ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಂಡ್ಯದ ಬೆಲ್ಲ ಎಷ್ಟೇ ಚೆನ್ನಾಗಿದ್ದರೂ ಮಾತ್ರೆಯ ಬದಲಿಗೆ ಬಾರದು. ಒಂದು ತಿಂಗಳಲ್ಲಿ ಕನಿಷ್ಠ 1 ಗ್ರಾಂ ಏರದಿದ್ದರೆ ಮಾತ್ರೆ ಬಿಟ್ಟಿದ್ದಾರೋ, ಹುಳುವೋ, ಬಿ12 ಕೊರತೆಯೋ, ಥಲಸ್ಸೀಮಿಯವೋ ಎಂದು ಹುಡುಕಬೇಕು. ನಾಳದ ಮೂಲಕ ಕಬ್ಬಿಣ ಕೊಟ್ಟಿದ್ದರೆ ಫೆರಿಟಿನ್ ಅನ್ನು ನಾಲ್ಕರಿಂದ ಎಂಟು ವಾರ ಕಳೆಯದೆ ಮತ್ತೆ ನೋಡಿಸಬೇಡಿ, ದುಡ್ಡು ವ್ಯರ್ಥ. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಆಶಾ ಕಾರ್ಯಕರ್ತೆಯನ್ನು ಕೇಳಿ ಕಬ್ಬಿಣದ ಸಿರಪ್ ತೆಗೆದುಕೊಳ್ಳಿ: ವಾರಕ್ಕೆ ಎರಡು ಸಲ, ಸಲಕ್ಕೆ 1 ಎಂಎಲ್, ಐದು ವರ್ಷದವರೆಗೆ.